ಸೀತಾಳೆ ದಂಡೆ ಮರದಲ್ಲೇ ಇರಲಿ

ಮಾಚೇನಹಳ್ಳಿಯಿಂದ ಮಳೆಗಾಲದ ರಜೆಗೆ ಬೈಕೇರಿ ಕೊಡಚಾದ್ರಿ, ಆಗುಂಬೆಯ ಕಡೆ ಕಾಡುಹೂ ನೋಡಲು ಹೊರಡುವವರೇ, ಒಂದು ಮಾತು. ಜನರ ಓಡಾಟ ಕಡಿಮೆಯಿರುವ ಕಾಲುದಾರಿಯಲ್ಲಿ ಕೊಂಬೆಯಿಂದ ಜೋಲುವ ಸೀತಾಳೆ ದಂಡೆ ಎಂಬ ಆರ್ಕಿಡ್ ಕಂಡೊಡನೆ, ಬುಡಸಮೇತ ಕಿತ್ತು ತಂದು ಮನೆಯ ಮಾವಿನ ಮರಕ್ಕೆ ಕಟ್ಟುವ ಆಸೆ ಹುಟ್ಟುತ್ತದೆ. ಬೇಡ. ಅದು ಬಂದಣಿಕೆಯಲ್ಲ, ಮರದ ರಸ ಹೀರದೆ, ತೊಗಟೆಗೆ ಅಂಟಿದ ದಪ್ಪ ಬೇರುಗಳಿಂದ ಮಳೆನೀರನ್ನೂ ಗಾಳಿಯ ತೇವವನ್ನೂ ಹಿಡಿದು ಬದುಕುತ್ತದೆ. ಕೀಳುವಾಗ ತುಂಡಾಗುವುದು ಆ ಬೇರುಗಳೇ. ಬೀಜವೋ ದೂಳಿನಷ್ಟು ಸಣ್ಣದು; ಒಳಗೆ ಆಹಾರದ ದಾಸ್ತಾನಿಲ್ಲ, ಶಿಲೀಂಧ್ರದ ನೆರವಿಲ್ಲದೆ ಕಾಡಿನಲ್ಲಿ ಮೊಳೆಯದು. ಹೋದ ಗಿಡದ ಜಾಗಕ್ಕೆ ಇನ್ನೊಂದು ಬೆಳೆದು ಹೂ ಬಿಡಲು ವರ್ಷಗಳೇ ಬೇಕು.

ಮಲೆನಾಡಿನ ಅಜ್ಜಿಯರು ಇದನ್ನು ಮುಡಿಯುತ್ತಿರಲಿಲ್ಲವೇ ಎನ್ನಬಹುದು. ಮುಡಿಯುತ್ತಿದ್ದರು, ಆದರೆ ಹೂಗೊಂಚಲು ಕೊಯ್ದರೆ ಗಿಡ ಉಳಿಯುತ್ತದೆ, ಬೇರು ಕಿತ್ತರೆ ಉಳಿಯದು. ನಾನೊಬ್ಬ ಕಿತ್ತರೆ ಕಾಡು ಬರಿದಾದೀತೇ ಎಂಬ ವಾದವೂ ಉಂಟು. ದಾರಿಬದಿಯಲ್ಲಿ ಕೈಗೆಟಕುವ ಗಿಡ ನಿಮ್ಮ ಹಿಂದೆ ಬರುವವರ ಕೈಗೂ ಎಟಕುತ್ತದಲ್ಲ! ಕೊಡಚಾದ್ರಿಯಂತೂ ಮೂಕಾಂಬಿಕಾ ವನ್ಯಜೀವಿಧಾಮದ ಭಾಗ. ಅಲ್ಲಿ ಹೂವಿಗೂ ಕೈ ಹಾಕುವಂತಿಲ್ಲ. ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ಅನುಮತಿ ವಿಚಾರಿಸಿ. ಫೋಟೋಗೆಂದು ದಾರಿ ಬಿಟ್ಟು ಹುಲ್ಲಿಗಿಳಿಯಬೇಡಿ, ಅಡಿಯ ಬಂಡೆ ಪಾಚಿಗಟ್ಟಿರುತ್ತದೆ. ಉಂಬಳಕ್ಕೆ ಒಂದಿಷ್ಟು ಉಪ್ಪು ಜೇಬಿನಲ್ಲಿರಲಿ.