ಮಾನವನು ನಿರ್ಮಿಸಿದ ಧಾತು: ಪ್ಲುಟೋನಿಯಂ

ವಿದ್ಯಾರ್ಥಿಗಳೇ, ಗಣಿಗಳಿಂದ ನಾವು ತೆಗೆಯುವ ಧಾತುಗಳಲ್ಲಿ ಯುರೇನಿಯಂ ಎಲ್ಲಕ್ಕಿಂತ ಭಾರವಾದ ಪರಮಾಣುವುಳ್ಳದ್ದು. ಅದರ ಬೀಜಕೇಂದ್ರದಲ್ಲಿ 92 ಪ್ರೋಟಾನುಗಳಿವೆ. ಅದರಾಚೆಗೂ ಧಾತುಗಳುಂಟೇ ಎಂಬ ಪ್ರಶ್ನೆಗೆ ಉತ್ತರವು ಪ್ರಯೋಗಶಾಲೆಯಲ್ಲಿ ದೊರೆಯಿತು. ಅಮೆರಿಕದ ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಅವರ ಸಂಗಡಿಗರು 1940ರ ಡಿಸೆಂಬರಿನಲ್ಲಿ ಯುರೇನಿಯಮ್ಮಿನ ಮೇಲೆ ಡ್ಯೂಟೆರಾನ್ ಕಣಗಳನ್ನು ಹಾಯಿಸಿ, 1941ರ ಫೆಬ್ರವರಿಯಲ್ಲಿ 94ನೆಯ ಧಾತುವನ್ನು ಗುರುತಿಸಿದರು. ಪ್ಲೂಟೋ ಎಂಬ ಆಕಾಶಕಾಯದ ಹೆಸರಿನಿಂದ ಅದನ್ನು ಪ್ಲುಟೋನಿಯಂ ಎಂದು ಕರೆದರು. ಯುರೇನಿಯಂ ಅದಿರಿನಲ್ಲಿ ಇದರ ಲವಲೇಶವು ಇದ್ದರೂ, ಬಳಕೆಗೆ ಬರುವುದೆಲ್ಲವೂ ಮಾನವನಿರ್ಮಿತವೇ.

ಹೊಸದಾಗಿ ಕತ್ತರಿಸಿದಾಗ ಈ ಲೋಹವು ಬೆಳ್ಳಿಯಂತೆ ಹೊಳೆದು, ಗಾಳಿ ತಾಗಿದೊಡನೆ ಮಂಕಾಗುತ್ತದೆ. ನೀರಿಗಿಂತ ಸುಮಾರು 19.8 ಪಟ್ಟು ಸಾಂದ್ರವಾಗಿದೆ. ಸೀಸವು ಕೇವಲ 11.3 ಪಟ್ಟು. 640 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ಕಾಯಿಸಿದರೆ ಲೋಹಗಳು ಹಿಗ್ಗುವುವೆಂದು ನೀವು ಕಲಿತಿರುವಿರಷ್ಟೆ. ಇದಾದರೋ ತನ್ನ ಒಂದು ಅವಸ್ಥೆಯಲ್ಲಿ ಕಾಯಿಸಿದಂತೆ ಕುಗ್ಗುತ್ತದೆ!

ಇಂತಹ ಧಾತುವು ಸಿದ್ಧವಾದ ಸ್ಥಳವೊಂದು ನಮ್ಮ ಮುಂಬಯಿಯಲ್ಲಿಯೇ, ಚೆಂಬೂರಿನಾಚೆಯ ಟ್ರಾಂಬೆಯಲ್ಲಿದೆ. ಅಲ್ಲಿ 1960ರಲ್ಲಿ ಆರಂಭವಾಗಿ 2010ರ ಕೊನೆಯವರೆಗೆ ನಡೆದ ಸೈರಸ್ ರಿಯಾಕ್ಟರಿನಲ್ಲಿ ಯುರೇನಿಯಮ್ಮಿನ ಪರಮಾಣು ಒಂದು ನ್ಯೂಟ್ರಾನನ್ನು ನುಂಗಿ ಮೊದಲು ನೆಪ್ಚೂನಿಯಂ ಆಗಿ, ಕೆಲವು ದಿನಗಳಲ್ಲಿ ಪ್ಲುಟೋನಿಯಂ-239 ಆಗಿ ಮಾರ್ಪಡುತ್ತಿತ್ತು. ಉರಿದ ಯುರೇನಿಯಂ ಸರಳುಗಳಿಂದ ಅದನ್ನು ಬೇರ್ಪಡಿಸಲು ಹೋಮಿ ಸೇಠ್ನಾ ಅವರ ನೇತೃತ್ವದಲ್ಲಿ ಕಟ್ಟಿದ ಕಾರ್ಖಾನೆಯು 1964ರಲ್ಲಿ ಕೆಲಸ ತೊಡಗಿತು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅದನ್ನು ಉದ್ಘಾಟಿಸಿದರು. ಸರಳುಗಳನ್ನು ನೀರಿನಲ್ಲಿ ತಣಿಸಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಬೇರೊಂದು ದ್ರಾವಕದಿಂದ ಪ್ಲುಟೋನಿಯಮ್ಮನ್ನು ಸೆಳೆಯುವರು. ದಪ್ಪ ಕಾಂಕ್ರೀಟು ಗೋಡೆಯ ಹಿಂದೆ ನಿಂತು ದೂರದಿಂದಲೇ ನಡೆಸಬೇಕಾದ ಕಾರ್ಯವಿದು.

ಈ ಧಾತುವಿಗೆ ಎರಡು ಮುಖಗಳುಂಟು. 1945ರ ಆಗಸ್ಟ್ 9ರಂದು ನಾಗಸಾಕಿಯನ್ನು ಸುಟ್ಟ ಬಾಂಬಿನಲ್ಲಿದ್ದುದು ಪ್ಲುಟೋನಿಯಮ್ಮೇ. 1974ರ ಮೇ 18ರ ಪೋಖರಣ್ ಪ್ರಯೋಗದಲ್ಲಿಯೂ ಅದನ್ನೇ ಬಳಸಲಾಯಿತು. ಆಗ ಟ್ರಾಂಬೆಯ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದವರು ಕನ್ನಡಿಗರಾದ ರಾಜಾ ರಾಮಣ್ಣನವರು. ಇನ್ನೊಂದೆಡೆ, 1985ರಲ್ಲಿ ಕಲ್ಪಾಕ್ಕಮ್ಮಿನಲ್ಲಿ ಆರಂಭವಾದ ವೇಗದ ರಿಯಾಕ್ಟರಿಗೆ ಇದೇ ಇಂಧನವಾಯಿತು. ಪ್ಲುಟೋನಿಯಂ-238ರ ಶಾಖದಿಂದ ಪಡೆದ ವಿದ್ಯುತ್ತಿನಿಂದಲೇ 1977ರಲ್ಲಿ ಹಾರಿದ ವಾಯೇಜರ್ ನೌಕೆಗಳು ಗ್ರಹಗಳಾಚೆಗೂ ಸುದ್ದಿ ಕಳುಹಿಸಿದವು.

ಪ್ಲುಟೋನಿಯಂ-239 ಹೊರಸೂಸುವ ಆಲ್ಫಾ ಕಣಗಳನ್ನು ಒಂದು ಕಾಗದದ ಹಾಳೆಯು ತಡೆಯಬಲ್ಲದು. ಆದರೆ ಅದರ ಧೂಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶ, ಎಲುಬು, ಯಕೃತ್ತುಗಳಲ್ಲಿ ನೆಲೆಸಿ ಅರ್ಬುದರೋಗಕ್ಕೆ ಕಾರಣವಾಗಬಹುದು. ಅದರ ಅರ್ಧಾಯುಷ್ಯ ಸುಮಾರು 24,100 ವರ್ಷಗಳು. ಒಂದು ಲೆಕ್ಕ ಮಾಡಿರಿ: ಇಂದು 8 ಗ್ರಾಂ ಇದ್ದರೆ, 24,100 ವರ್ಷಗಳಲ್ಲಿ 4 ಗ್ರಾಂ, 48,200 ವರ್ಷಗಳಲ್ಲಿ 2 ಗ್ರಾಂ, 72,300 ವರ್ಷಗಳ ತರುವಾಯವೂ 1 ಗ್ರಾಂ ಉಳಿದಿರುವುದು. ನಮ್ಮ ಹಲ್ಮಿಡಿ ಶಾಸನಕ್ಕೆ ಇನ್ನೂ 1,600 ವರ್ಷಗಳೂ ತುಂಬಿಲ್ಲವೆಂಬುದನ್ನು ನೆನೆದರೆ ಈ ಕಾಲದ ಅಗಾಧತೆ ತಿಳಿದೀತು.

ಆದುದರಿಂದ ಧಾತುವನ್ನು ನಿರ್ಮಿಸುವ ವಿದ್ಯೆಯೊಂದೇ ಸಾಲದು. ಅದನ್ನು ತಲೆಮಾರುಗಳ ಕಾಲ ಕಾಯುವ ವಿದ್ಯೆಯೂ ಬೇಕು. ಮೊದಲನೆಯದನ್ನು ಹಿರಿಯರು ಸಾಧಿಸಿದ್ದಾರೆ. ಎರಡನೆಯದು ನಿಮ್ಮ ಪಾಲಿಗೆ ಬಂದಿದೆ. ರಸಾಯನಶಾಸ್ತ್ರವನ್ನು ಮನವಿಟ್ಟು ಓದಿರಿ.