ನಿನ್ನ ಹತ್ತು ವರ್ಷ ಕಾಗದದ ಮೇಲಿರಲಿ

ತಂಗೀ, ಹೋದ ವಾರ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೀನೊಂದು ಮಾತು ಕೇಳಿದೆ. "ಸರ, ಅಮೆರಿಕಾದಾಗ ಡಾಕ್ಟರ್ ಆಗಾಕ ಹೊಂಟವರು ತಮ್ಮ ಬಗ್ಗೆ ಪ್ರಬಂಧ ಬರೀತಾರಂತ. ನಮಗ್ಯಾಕ ಅದಿಲ್ಲ?" ಆವತ್ತು ಮಳೆ ಬಂತು, ನೀನು ಎದ್ದು ಓಡಿದೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿ ಕೆಲವು ವಿಶ್ವವಿದ್ಯಾಲಯಗಳು ಹನ್ನೆರಡನೇ ತರಗತಿ ಮುಗಿದ ಕೂಡಲೇ ಪದವಿ ಮತ್ತು ವೈದ್ಯಕೀಯ ಎರಡಕ್ಕೂ ಒಟ್ಟಿಗೇ ಸೇರಿಸಿಕೊಳ್ಳುತ್ತವೆ. ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ, ಆಸ್ಪತ್ರೆಯಲ್ಲಿ ಮಾಡಿದ ಸೇವೆ, ಸಂದರ್ಶನ ಎಲ್ಲವನ್ನೂ ತೂಗಿ ನೋಡುತ್ತಾರೆ. ನಮ್ಮಲ್ಲಿ ಪಿಯುಸಿ ಆದಮೇಲೆ ನೇರ ಎಂಬಿಬಿಎಸ್: ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಿನ್ನ ಕಥೆಯನ್ನು ಯಾರೂ ಕೇಳುವುದಿಲ್ಲ. ಬಸ್ಸಿಗೆ ನಿಂತು ಕಾದದ್ದು, ಕರೆಂಟು ಹೋದಾಗ ಮೊಬೈಲ್ ಬೆಳಕಲ್ಲಿ ಓದಿದ್ದು, ಇವನ್ನು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ. ಆದರೆ ಅದೇ ಬದುಕಿಗೆ ಅಲ್ಲಿ ಮೂರು ಕಾಲಂಗಳಿವೆ. ಗ್ರಾಮೀಣ, ಕನ್ನಡ ಮಾಧ್ಯಮ, 371(ಜೆ). ನಿನ್ನ ಪರವಾಗಿ ಮಾತಾಡುವ ಬಾಯಿ ಆ ಮೂರೇ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಹಳ ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳಿದ್ದಳು. ಸೈಬರ್ ಸೆಂಟರಿನಲ್ಲಿ ಅವಳ ಪಕ್ಕ ಕೂತು ಅರ್ಜಿ ತುಂಬಿಸಿದವನು ನಾನೇ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದ್ದರೆ ಶೇ. 15ರ ಗ್ರಾಮೀಣ ಮೀಸಲಾತಿ ಸಿಗುತ್ತದೆ. ಧೈರ್ಯವಾಗಿ 'ಹೌದು' ಎಂದು ತುಂಬಿಸಿದೆ. ದಾಖಲೆ ಪರಿಶೀಲನೆಯ ದಿನ ವ್ಯಾಸಂಗ ಪ್ರಮಾಣಪತ್ರದಲ್ಲಿ ಒಂಬತ್ತೇ ವರ್ಷ ಇತ್ತು. ನಾಲ್ಕನೇ ತರಗತಿ ಇರಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು, ಅಪ್ಪ ಅವ್ವ ಗುಳೆ ಹೋಗುವಾಗ ಅವಳನ್ನೂ ಬೆಂಗಳೂರಿಗೆ ಕರೆದೊಯ್ದಿದ್ದರು. ಕಟ್ಟಡದ ಕೆಲಸದ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದು ವರ್ಷ ಓದಿದ್ದಳು. ಹತ್ತು ಪೂರ್ಣ ವರ್ಷ ಎಂದರೆ ಹತ್ತೇ. ಗ್ರಾಮೀಣ ಕೋಟಾ ಹೋಯಿತು.

ಅದಕ್ಕಿಂತ ದೊಡ್ಡ ನೋವು ಇನ್ನೊಂದು. ಅವಳು ಬೆಂಗಳೂರಲ್ಲಿ ಓದಿದ್ದೂ ಕನ್ನಡದಲ್ಲೇ. ಒಂದರಿಂದ ಹತ್ತು ಪೂರ್ತಿ ಕನ್ನಡ ಮಾಧ್ಯಮವಾಗಿದ್ದರೆ ಶೇ. 5ರ ಕೋಟಾ ಬೇರೆಯೇ ಇದೆ. ಗ್ರಾಮೀಣ ಒಂದು ಸಾಕು ಎಂದು ಆ ಕಾಲಂಗೆ ನಾನು 'ಇಲ್ಲ' ಹಾಕಿಸಿದ್ದೆ. ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಆಮೇಲೆ ಕೇಳಲು ಬರಲಿಲ್ಲ. ಅವಳು ನರ್ಸಿಂಗ್ ಓದಿದಳು, ಚೆನ್ನಾಗಿದ್ದಾಳೆ, ಹಬ್ಬಕ್ಕೆ ಬಂದಾಗ ನನ್ನ ಕಾಲಿಗೆ ಬೀಳುತ್ತಾಳೆ. ಆ ಹೊತ್ತಿಗೆ ನನ್ನ ಕಣ್ಣೆದುರು ಬರುವುದು ಆ 'ಇಲ್ಲ'.

ಮೂರನೆಯದು 371(ಜೆ). ನಿಜಾಮರ ಕಾಲದಿಂದ ಹಿಂದುಳಿದ ನಮ್ಮ ಕಲ್ಯಾಣ ಕರ್ನಾಟಕಕ್ಕಾಗಿ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ್ದಕ್ಕೆ 2012ರಲ್ಲಿ ಸಂಸತ್ತು ಸಂವಿಧಾನಕ್ಕೆ ಈ ವಿಧಿ ಸೇರಿಸಿತು. ಇದರಿಂದ ಈ ಭಾಗದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳ ಶೇ. 70 ಇಲ್ಲಿನ ಮಕ್ಕಳಿಗೆ ಮೀಸಲು. ಹೊರಗಿನ ಜಿಲ್ಲೆಗಳಲ್ಲಿ ಶೇ. 8. ಕೊಪ್ಪಳ ಜಿಲ್ಲೆಯ ನಮ್ಮ ಊರು ತಳಕಲ್ಲಿಗೆ ಇದು ಎಷ್ಟು ಮುಖ್ಯ ನೋಡು. ಗದಗ, ಕೊಪ್ಪಳ ಎರಡೂ ಒಂದೇ ರೈಲು ಹಳಿಯ ಮೇಲಿವೆ, ಎರಡೂ ಕಡೆ 2015ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆದರೆ ಕೊಪ್ಪಳದಲ್ಲಿ ನಿನಗೆ ಶೇ. 70ರ ಬಾಗಿಲು, ಗದಗಿನಲ್ಲಿ ಶೇ. 8ರದ್ದು. "ನಮ್ಮ ಸೋದರಮಾವ ಅಲ್ಲೇ ಅದಾನ" ಎಂದು ಗದಗನ್ನು ಮೊದಲು ಬರೆಯುವವರು ಇದನ್ನು ತಿಳಿದು ಬರೆಯಲಿ. ರಾಯಚೂರು, ಬಳ್ಳಾರಿ, ಕಲಬುರಗಿ, ಬೀದರ್, ಯಾದಗಿರಿಯಲ್ಲೂ ಸರ್ಕಾರಿ ಕಾಲೇಜುಗಳಿವೆ. ಎಲ್ಲವನ್ನೂ ಆಯ್ಕೆಪಟ್ಟಿಗೆ ಸೇರಿಸು. ಪಟ್ಟಿ ಉದ್ದವಾದರೆ ನಷ್ಟವಿಲ್ಲ. ಆದರೆ ಮನಸ್ಸಿಗೆ ಬೇಕಾದದ್ದು ಮೇಲಿರಲಿ, ಯಾಕೆಂದರೆ ನಿನಗೆ ಸಿಕ್ಕ ಸೀಟಿಗಿಂತ ಕೆಳಗಿನವು ಮುಂದಿನ ಸುತ್ತಿನಲ್ಲಿ ಇರುವುದಿಲ್ಲ.

371(ಜೆ) ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ಜಾತಿ ಮತ್ತು ಆದಾಯದ್ದು ನಾಡಕಚೇರಿಯಿಂದ ಬರುತ್ತದೆ, ನಿನ್ನ ಹೆಸರಿನಲ್ಲೇ ಇರಬೇಕು, ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬುವುದು. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಅವರ ಮೇಲುರುಜು ಬೇಕು. ಇವು ಯಾವುವೂ ಒಂದು ದಿನದ ಕೆಲಸವಲ್ಲ. ಫಲಿತಾಂಶ ಬಂದಮೇಲೆ ಓಡಾಡುವವರ ಸಾಲು ನೋಡಿದ್ದೇನೆ. ದೀಪಾವಳಿಯೊಳಗೆ ಎಲ್ಲ ಕೈಯಲ್ಲಿರಲಿ. ನಿನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಬಸವರಾಜ, ಆಧಾರ್‌ನಲ್ಲಿ ಬಸವರಾಜಪ್ಪ ಇದ್ದರೆ ಈಗಲೇ ಸರಿಪಡಿಸು. ಮತ್ತೊಂದು, ನೀಟ್‌ಗೆ ಅರ್ಜಿ ಹಾಕಿದರೆ ಮುಗಿಯಲಿಲ್ಲ. ಅದು ಎನ್‌ಟಿಎಗೆ. ರಾಜ್ಯದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ (ಕೆಇಎ) ಪ್ರತ್ಯೇಕ ನೋಂದಣಿ ಬೇಕು. ಹಾಗೇ ಇಂಜಿನಿಯರಿಂಗ್‌ಗಾಗಿ ಸಿಇಟಿಯನ್ನೂ ಬರಿ. ಊರಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ ಎಂಬುದು ನಿಮ್ಮಪ್ಪನಿಗೆ ಧೈರ್ಯ, ಆ ಧೈರ್ಯ ಅವರಿಗಿರಲಿ.

ಕಾಗದ ಎಷ್ಟು ಗಟ್ಟಿಯಾದರೂ ಅಂಕ ನೀನೇ ತರಬೇಕು. ನೀಟ್‌ನ 720 ಅಂಕದಲ್ಲಿ ಜೀವಶಾಸ್ತ್ರವೇ 360, ಅಲ್ಲಿ ನಿನ್ನ ಪಠ್ಯಪುಸ್ತಕವೇ ದೊಡ್ಡ ಗುರು. ಸಾಲು ಸಾಲಾಗಿ ಓದು, ತಿಳಿಯದ ಪದದ ಪಕ್ಕ ಪೆನ್ಸಿಲ್‌ನಲ್ಲಿ ಕನ್ನಡ ಬರಿ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಆಗ ಪ್ರಶ್ನೆಪತ್ರಿಕೆ ಕನ್ನಡ, ಇಂಗ್ಲಿಷ್ ಎರಡೂ ಭಾಷೆಯಲ್ಲಿರುತ್ತದೆ. ಆದರೆ ಎರಡು ವರ್ಷ 'ಮೈಟೋಸಿಸ್' ಎಂದು ಓದಿದವಳಿಗೆ 'ಸಮವಿಭಜನೆ' ಎಂದಾಗ ಕ್ಷಣ ತಡವಾಗಬಹುದು. ಹಳೆಯ ಪತ್ರಿಕೆ ಒಂದನ್ನು ಎರಡೂ ಭಾಷೆಯಲ್ಲಿ ಬಿಡಿಸಿ ನೋಡಿ, ಆಮೇಲೆ ನಿರ್ಧರಿಸು. ಕನ್ನಡ ಆರಿಸಿದರೆ ನಾಚಿಕೆ ಬೇಡ.

ಬರುವ ಭಾನುವಾರ ಬಾ, ಅವ್ವನನ್ನೂ ಕರಕೊಂಡು ಬಾ. ನೀನು ಚಿಕ್ಕವಳಿದ್ದಾಗ ಅವರೂ ಒಂದು ವರ್ಷ ಗೋವಾಕ್ಕೆ ದುಡಿಯಲು ಹೋಗಿದ್ದರು ಎಂದು ಕೇಳಿದ್ದೇನೆ. ಆಗ ನೀನು ಅಜ್ಜಿಯ ಹತ್ತಿರ ಇದ್ದೆಯೋ, ಅವರ ಜೊತೆಗೋ? ಆ ವರ್ಷದ ಶಾಲೆಯ ಕಾಗದ ಏನಾದರೂ ಇದ್ದರೆ, ಹರಿದಿದ್ದರೂ ಸರಿ, ತಗೊಂಡು ಬಾ.