ಆಟ ಕಲಿಸುವ ಕ್ರೈಸ್ತನ ನಡತೆ

ಓದತಕ್ಕ ವೇದಭಾಗಗಳು: 1 ಕೊರಿಂಥ 9:24–27, 2 ತಿಮೊಥೆ 2:5, ಮಾರ್ಕ 2:23–28.

ಆಟವನ್ನು ಕುರಿತು ನಮ್ಮ ಗ್ರಾಮಸಭೆಗಳಲ್ಲಿ ಎರಡು ವಿಧವಾದ ಮಾತುಗಳು ಕೇಳಬರುತ್ತವೆ. ಆಟವೆಂಬುದು ಬರೀ ಕಾಲಹರಣ, ದೇವರ ಮಕ್ಕಳಿಗೆ ಅದು ತಕ್ಕದ್ದಲ್ಲವೆಂದು ಹಿರಿಯರಲ್ಲಿ ಕೆಲವರು ಹೇಳುತ್ತಾರೆ. ಆಟ ಬೇರೆ, ಭಕ್ತಿ ಬೇರೆ. ಅಂಗಳದಲ್ಲಿ ಹೇಗಾದರೂ ಗೆದ್ದು ಬಂದರೆ ಸಾಕೆಂದು ಯೌವನಸ್ಥರಲ್ಲಿ ಕೆಲವರು ಹೇಳುತ್ತಾರೆ. ಈ ಎರಡು ಮಾತುಗಳು ನೋಡುವದಕ್ಕೆ ಒಂದಕ್ಕೊಂದು ವಿರುದ್ಧವಾಗಿದ್ದರೂ ಒಂದೇ ತಪ್ಪಿನಿಂದ ಹುಟ್ಟಿದವುಗಳು. ಆಟದ ಅಂಗಳಕ್ಕೂ ಕರ್ತನಿಗೂ ಸಂಬಂಧವಿಲ್ಲವೆಂದು ಎರಡೂ ಎಣಿಸುತ್ತವೆ.

ಈ ಪಾಠದಲ್ಲಿ ನಾವು ಆಡುವವನಿಗಿಂತ ಹೆಚ್ಚಾಗಿ ಆಡಿಸುವವನನ್ನು ಕುರಿತು ಆಲೋಚಿಸೋಣ. ಶಾಲೆಯಲ್ಲಿ ಓಟವನ್ನೂ ಚೆಂಡಾಟವನ್ನೂ ಕಲಿಸುವ ಉಪಾಧ್ಯಾಯನು, ಗರಡಿಯಲ್ಲಿ ಪಟ್ಟುಗಳನ್ನು ಹೇಳಿಕೊಡುವ ಉಸ್ತಾದನು, ಸಾಯಂಕಾಲದಲ್ಲಿ ಕೇರಿಯ ಹುಡುಗರನ್ನು ಕೂಡಿಸಿ ಕಬಡ್ಡಿಯ ತಂಡವನ್ನು ಕಟ್ಟುವ ಯೌವನಸ್ಥನು, ಇವರೆಲ್ಲರೂ ಗುರುಗಳೇ. ಇವರು ಬಾಯಿಂದ ಕಲಿಸುವದು ಆಟವನ್ನು; ನಡತೆಯಿಂದ ಕಲಿಸುವದು ಬದುಕನ್ನು.

ಪೌಲನು ತಕ್ಕೊಂಡ ದೃಷ್ಟಾಂತ

ಅಪೊಸ್ತಲನಾದ ಪೌಲನು ಓಟಗಾರನನ್ನೂ ಮುಷ್ಟಿಯುದ್ಧ ಮಾಡುವವನನ್ನೂ ದೃಷ್ಟಾಂತವಾಗಿ ತಕ್ಕೊಂಡು ಕೊರಿಂಥದವರಿಗೆ ಬರೆದದ್ದು ಸುಮ್ಮನೆ ಅಲ್ಲ. ಆ ಪಟ್ಟಣದ ಸಮೀಪದಲ್ಲಿಯೇ ಎರಡು ವರುಷಗಳಿಗೊಮ್ಮೆ ಇಸ್ಥಮಿಯದ ಆಟಗಳೆಂಬ ದೊಡ್ಡ ಜಾತ್ರೆ ನಡೆಯುತ್ತಿತ್ತು. ಗೆದ್ದವನ ತಲೆಗೆ ಎಲೆಗಳಿಂದ ಹೆಣೆದ ಕಿರೀಟವನ್ನಿಡುತ್ತಿದ್ದರು. ಕೆಲವು ದಿವಸಗಳಲ್ಲಿ ಬಾಡಿಹೋಗುವ ಆ ಕಿರೀಟಕ್ಕಾಗಿ ಜನರು ಎಷ್ಟು ಕಷ್ಟಪಡುತ್ತಾರೆಂಬುದು ಓದುಗರೆಲ್ಲರಿಗೂ ತಿಳಿದಿತ್ತು.

ಗ್ರೀಕರ ಒಲಿಂಪಿಯದ ಆಟಗಳ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಆಟಗಳು ಆರಂಭವಾಗುವದಕ್ಕೆ ಮುಂಚೆ ಸ್ಪರ್ಧಿಗಳು, ತಾವು ಹತ್ತು ತಿಂಗಳು ಕ್ರಮವಾಗಿ ಸಾಧನೆಮಾಡಿದ್ದೇವೆಂದೂ ಮೋಸಮಾಡುವದಿಲ್ಲವೆಂದೂ ಆಣೆಯಿಡಬೇಕಾಗಿತ್ತು. ಮೋಸಮಾಡುವದಿಲ್ಲವೆಂಬ ಆಣೆಯನ್ನು ಅವರ ತಂದೆಗಳೂ ಅಣ್ಣತಮ್ಮಂದಿರೂ ಅವರನ್ನು ತಯಾರುಮಾಡಿದ ಗುರುಗಳೂ ಇಡಬೇಕಾಗಿತ್ತು. ಸತ್ಯದೇವರನ್ನು ಅರಿಯದಿದ್ದ ಆ ಜನರು ಸಹ, ಶಿಷ್ಯನು ಅಂಗಳದಲ್ಲಿ ಮೋಸಮಾಡಿದರೆ ಗುರುವಿಗೂ ಅದರಲ್ಲಿ ಪಾಲುಂಟೆಂದು ತಿಳಿದಿದ್ದರು. ಹೀಗಿರಲಾಗಿ ಕ್ರಿಸ್ತನ ಹೆಸರನ್ನು ಹೊತ್ತ ನಾವು ಅದಕ್ಕಿಂತ ಕಡಿಮೆಯಾದದ್ದನ್ನು ಸಾಕೆನ್ನಬಹುದೋ?

ಪೌಲನ ಮಾತಿನ ಕಡೆಯ ಭಾಗವನ್ನು ವಿಶೇಷವಾಗಿ ಗಮನಿಸಿರಿ. ಇತರರಿಗೆ ಉಪದೇಶಮಾಡಿದ ತಾನೇ ಅಯೋಗ್ಯನಾಗಬಾರದೆಂದು ಅವನು ತನ್ನ ದೇಹವನ್ನು ಸ್ವಾಧೀನದಲ್ಲಿಟ್ಟುಕೊಳ್ಳುತ್ತಾನೆ. ಈ ಭಯವು ಓಡುವವನದಲ್ಲ, ಕಲಿಸುವವನದು.

ಬುಟ್ಟಿಯ ಚೆಂಡಾಟವನ್ನು ಹುಟ್ಟಿಸಿದ ಬೋಧಕರು

ಬಾಸ್ಕೆಟ್ ಬಾಲ್ ಎಂಬ ಆಟವು ಈಗ ನಮ್ಮ ದೇಶದ ಅನೇಕ ಶಾಲೆಗಳಲ್ಲಿಯೂ ನಡೆಯುತ್ತದೆ. ಅದನ್ನು ಹುಟ್ಟಿಸಿದವರು ಜೇಮ್ಸ್ ನೈಸ್ಮಿತ್ ಎಂಬವರು. ಅವರು 1861ರಲ್ಲಿ ಕೆನಡಾ ದೇಶದಲ್ಲಿ ಹುಟ್ಟಿ, ಚಿಕ್ಕತನದಲ್ಲಿಯೇ ತಂದೆತಾಯಿಗಳನ್ನು ಕಳಕೊಂಡವರು. ಸಭಾಪಾಲಕರಾಗಬೇಕೆಂದು ಮಾಂಟ್ರಿಯಲ್ ಪಟ್ಟಣದಲ್ಲಿ ವೇದಶಾಸ್ತ್ರವನ್ನು ಕಲಿಯುತ್ತಿದ್ದಾಗ ಅವರು ಫುಟ್‌ಬಾಲ್ ಸಹ ಆಡುತ್ತಿದ್ದರು. ಇದನ್ನು ಅವರ ಜೊತೆಯ ವಿದ್ಯಾರ್ಥಿಗಳು ಮೆಚ್ಚಲಿಲ್ಲ. ಆದರೆ ಒಂದು ಪಂದ್ಯದಲ್ಲಿ ಪಕ್ಕದ ಆಟಗಾರನೊಬ್ಬನು ಕೋಪದಿಂದ ಕೆಟ್ಟ ಮಾತನ್ನಾಡಿ, ಕೂಡಲೇ ನೈಸ್ಮಿತ್ ಹತ್ತಿರದಲ್ಲಿರುವದನ್ನು ನೆನಸಿ ಕ್ಷಮೆ ಬೇಡಿಕೊಂಡನು. ನೈಸ್ಮಿತ್ ಅವನಿಗೆ ಒಂದು ದಿವಸವೂ ಬುದ್ಧಿಹೇಳಿದ್ದಿಲ್ಲ. ಪ್ರಸಂಗಪೀಠದಿಂದ ಮಾತ್ರವಲ್ಲ, ಅಂಗಳದಿಂದಲೂ ಯೌವನಸ್ಥರಿಗೆ ಸೇವೆ ಮಾಡಬಹುದೆಂದು ಅವರಿಗೆ ಆಗ ತೋಚಿತು.

1890ರಲ್ಲಿ ಅವರು ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿದ್ದ, ವೈ.ಎಂ.ಸಿ.ಎ. ಎಂಬ ಯೌವನಸ್ಥರ ಕ್ರೈಸ್ತಸಂಘದ ಶಾಲೆಗೆ ಹೋದರು. ಮುಂದಿನ ವರುಷದ ಚಳಿಗಾಲದಲ್ಲಿ ಹದಿನೆಂಟು ಮಂದಿ ತುಂಟರಾದ ವಿದ್ಯಾರ್ಥಿಗಳ ಒಂದು ತರಗತಿ ಅವರ ಪಾಲಿಗೆ ಬಂತು. ಹೊರಗೆ ಹಿಮ, ಒಳಗೆ ಬೇಸರ. ಹಿಂದಿನ ಇಬ್ಬರು ಉಪಾಧ್ಯಾಯರು ಸೋತು ಬಿಟ್ಟುಕೊಟ್ಟಿದ್ದರು. ಹೊಸದೊಂದು ಆಟವನ್ನು ಕಂಡುಹಿಡಿಯುವದಕ್ಕೆ ಶಾಲೆಯ ಮುಖ್ಯಸ್ಥರು ಹದಿನಾಲ್ಕು ದಿವಸಗಳನ್ನು ಕೊಟ್ಟರು. ನೈಸ್ಮಿತ್ ಹುಡುಗರನ್ನು ದೂರದೆ ಆಟಗಳನ್ನೇ ಪರೀಕ್ಷಿಸಿದರು. ಚೆಂಡನ್ನು ಹಿಡುಕೊಂಡು ಓಡುವವನನ್ನು ನಿಲ್ಲಿಸುವದಕ್ಕಾಗಿಯೇ ಅವನ ಮೇಲೆ ಬೀಳುತ್ತಾರೆ. ಓಡುವದನ್ನೇ ತೆಗೆದುಬಿಟ್ಟರೆ ಕೆಡವುವದಕ್ಕೆ ಕಾರಣವಿಲ್ಲ. ಗುರಿಯು ನೆಲದ ಮೇಲಿದ್ದರೆ ಬಲವಾಗಿ ಹೊಡೆಯುತ್ತಾರೆ. ತಲೆಯ ಮೇಲಿದ್ದರೆ ಮೆಲ್ಲಗೆ ಎಸೆಯಬೇಕಾಗುತ್ತದೆ. ಹೀಗೆ ಆಲೋಚಿಸಿ, ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಹೊಡಿಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ನೂಕುವದು, ಹಿಡಿಯುವದು, ಕಾಲು ಕೊಟ್ಟು ಬೀಳಿಸುವದು, ಹೊಡೆಯುವದು, ಇವೆಲ್ಲಾ ನಿಷೇಧಿಸಲ್ಪಟ್ಟವು. ಬೇಕೆಂದೇ ಗಾಯಮಾಡಿದವನು ಆ ಆಟವೆಲ್ಲಾ ಮುಗಿಯುವ ತನಕ ಹೊರಗೆ ಕೂತುಕೊಳ್ಳಬೇಕು. ಹುಡುಗರು ಕೆಟ್ಟವರೆಂದು ಬೈಯುವದಕ್ಕೆ ಮುಂಚೆ, ನಾವು ಅವರನ್ನು ಕೆಟ್ಟತನಕ್ಕೆ ನೂಕುವ ಆಟವನ್ನು ಆಡಿಸುತ್ತಿದ್ದೇವೋ ಎಂದು ಕೇಳಿಕೊಳ್ಳುವದು ಎಷ್ಟೋ ಬುದ್ಧಿಯುಳ್ಳ ಕೆಲಸ.

1898ರಲ್ಲಿ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಪ್ರಾರ್ಥನಾಮಂದಿರದ ಮೇಲ್ವಿಚಾರಕರಾಗಿಯೂ ಅಂಗಸಾಧನೆಯ ಗುರುಗಳಾಗಿಯೂ ಹೋಗಿ, 1907ರ ತನಕ ಅಲ್ಲಿಯ ತಂಡವನ್ನು ನಡಿಸಿದರು. ಆ ವರುಷಗಳಲ್ಲಿ ತಂಡವು ಗೆದ್ದದ್ದು 55 ಪಂದ್ಯಗಳು, ಸೋತದ್ದು 60. ಆ ವಿಶ್ವವಿದ್ಯಾಲಯದ ಬಾಸ್ಕೆಟ್ ಬಾಲ್ ತಂಡವನ್ನು ನಡಿಸಿದ ಗುರುಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದವರು ಇವರೊಬ್ಬರೇ. ಆಟವನ್ನು ಹುಟ್ಟಿಸಿದವರೇ ಹೀಗೆ ಸೋತರೆಂದು ಕೆಲವರಿಗೆ ನಗು ಬಂದೀತು. ಆದರೆ ಅವರ ಬೆಳೆಯನ್ನು ಎಲ್ಲಿ ಅಳೆಯಬೇಕೆಂಬುದನ್ನು ನೋಡಿರಿ. 1933ರಲ್ಲಿ ಜಾನ್ ಮಕ್ಲೆಂಡನ್ ಎಂಬ ಕರಿಯ ವರ್ಣದ ವಿದ್ಯಾರ್ಥಿಯು ಅಲ್ಲಿಗೆ ಬಂದನು. ವರ್ಣದ ನಿಮಿತ್ತ ಅವನನ್ನು ವಿಶ್ವವಿದ್ಯಾಲಯದ ತಂಡದಲ್ಲಿ ಸೇರಿಸುತ್ತಿದ್ದಿಲ್ಲ. ವೃದ್ಧರಾಗಿದ್ದ ನೈಸ್ಮಿತ್ ಅವನನ್ನು ತನ್ನ ಬಳಿಗೆ ಸೇರಿಸಿಕೊಂಡು, ಆಟ ಕಲಿಸುವ ವಿದ್ಯೆಯನ್ನೆಲ್ಲಾ ಅವನಿಗೆ ಕೊಟ್ಟರು. ಆಡುವದಕ್ಕೆ ಅಪ್ಪಣೆಯಿಲ್ಲದಿದ್ದ ಆ ಹುಡುಗನೇ ಮುಂದೆ ಹೆಸರುವಾಸಿಯಾದ ಗುರುವಾಗಿ, 1957, 1958, 1959 ಈ ಮೂರು ವರುಷಗಳಲ್ಲಿ ಎಡೆಬಿಡದೆ ತನ್ನ ತಂಡಕ್ಕೆ ಕಾಲೇಜುಗಳ ದೊಡ್ಡದೊಂದು ಪಂದ್ಯಾವಳಿಯನ್ನು ಗೆಲ್ಲಿಸಿಕೊಟ್ಟನು. ಕೇರಿಯ ಗೋಡೆಗಳು ಏನೆಂದು ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಪ್ರಿಂಗ್‌ಫೀಲ್ಡಿನ ಆ ಶಾಲೆಯಲ್ಲಿ ಕಲಿತ ಹ್ಯಾರಿ ಬಕ್ ಎಂಬವರೇ 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ಅಂಗಸಾಧನೆಯ ಕಾಲೇಜನ್ನು ಸ್ಥಾಪಿಸಿದರು. ಅಲ್ಲಿ ತರಬೇತು ಹೊಂದಿದ ಉಪಾಧ್ಯಾಯರು ದಕ್ಷಿಣದೇಶದ ಅನೇಕ ಶಾಲೆಗಳಿಗೆ ಹೋಗಿ ಕಲಿಸಿದರು. ಹೀಗೆ ಆ ಬುಟ್ಟಿಗಳ ಕಥೆಯು ನಮ್ಮ ಬಾಗಿಲಿನ ತನಕ ಬಂದಿದೆ.

ಆದಿತ್ಯವಾರ ಓಡದವನು, ಆದಿತ್ಯವಾರ ಆಡಿಸಿದವನು

ಎರಿಕ್ ಲಿಡೆಲ್ ಎಂಬವರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಬಳ್ಳಾರಿಯಲ್ಲಿಯೂ ಬೆಂಗಳೂರಿನಲ್ಲಿಯೂ ಸುವಾರ್ತೆಯನ್ನು ಸಾರಿದ ಲಂಡನ್ ಮಿಶನ್ನಿಗೆ ಸೇರಿದ್ದ ತಂದೆತಾಯಿಗಳಿಗೆ ಅವರು 1902ರಲ್ಲಿ ಚೀನಾದೇಶದಲ್ಲಿ ಹುಟ್ಟಿದರು. 1924ರಲ್ಲಿ ಪ್ಯಾರಿಸ್ ಪಟ್ಟಣದ ಒಲಿಂಪಿಕ್ ಆಟಗಳಲ್ಲಿ 100 ಮೀಟರ್ ಓಟದ ಮೊದಲನೆಯ ಸುತ್ತುಗಳು ಆದಿತ್ಯವಾರದಲ್ಲಿ ಬಿದ್ದಕಾರಣ ಅವರು ಅದರಲ್ಲಿ ಓಡಲಿಲ್ಲ. ತನ್ನದಲ್ಲದ 400 ಮೀಟರ್ ಓಟದಲ್ಲಿ ಓಡಿ, 47.6 ಸೆಕೆಂಡುಗಳಲ್ಲಿ ಗುರಿಮುಟ್ಟಿ ಚಿನ್ನದ ಪದಕವನ್ನು ಪಡೆದರು. ಮರುವರುಷವೇ ಹೊಗಳಿಕೆಯನ್ನೆಲ್ಲಾ ಹಿಂದಕ್ಕೆ ಬಿಟ್ಟು, ಟಿಯೆನ್‌ಸಿನ್ ಪಟ್ಟಣದ ಮಿಶನ್ ಶಾಲೆಯಲ್ಲಿ ವಿಜ್ಞಾನವನ್ನೂ ಆಟಗಳನ್ನೂ ಕಲಿಸುವದಕ್ಕೆ ಚೀನಾಕ್ಕೆ ಹೋದರು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಕಥೆಯ ಮುಂದಿನ ಭಾಗವನ್ನು ಹೇಳುವವರು ಕಡಿಮೆ. 1943ರಲ್ಲಿ ಜಪಾನಿನವರು ಪರದೇಶಸ್ಥರನ್ನು ವೈಶೀನ್ ಎಂಬಲ್ಲಿಯ ಶಿಬಿರದಲ್ಲಿ ಸೆರೆಯಿಟ್ಟಾಗ ಲಿಡೆಲ್ ಸಹ ಅವರಲ್ಲಿ ಒಬ್ಬರಾದರು. ಹೆಂಡತಿಮಕ್ಕಳನ್ನು ಮುಂಚೆಯೇ ಕೆನಡಾಕ್ಕೆ ಕಳುಹಿಸಿದ್ದರು. ಅಲ್ಲಿ ಹುಟ್ಟಿದ ಮೂರನೆಯ ಮಗಳ ಮುಖವನ್ನು ಅವರು ಕಾಣಲೇ ಇಲ್ಲ. ಶಿಬಿರದಲ್ಲಿ ತಂದೆತಾಯಿಗಳಿಂದ ಅಗಲಿದ ಮಕ್ಕಳು ಅನೇಕರಿದ್ದರು. ಲಿಡೆಲ್ ಅವರಿಗೆ ಪಾಠ ಹೇಳಿದರು, ಓಟಗಳನ್ನು ಏರ್ಪಡಿಸಿದರು, ಮುರಿದ ಹಾಕಿಕೋಲುಗಳಿಗೆ ಬಟ್ಟೆಯನ್ನು ಸುತ್ತಿ ಸರಿಮಾಡಿಕೊಟ್ಟರು. ಆದರೆ ಆದಿತ್ಯವಾರದಲ್ಲಿ ಆಟವಿಲ್ಲವೆಂಬ ಕ್ರಮವನ್ನು ಅಲ್ಲಿಯೂ ಕಾಪಾಡಿದರು.

ಒಂದು ಆದಿತ್ಯವಾರ ಹುಡುಗಹುಡುಗಿಯರು ತಾವಾಗಿಯೇ ಹಾಕಿ ಆಡಿದರು. ತೀರ್ಪುಕೊಡುವವರಿಲ್ಲದ ಕಾರಣ ಆಟವು ಜಗಳದಲ್ಲಿ ಮುಗಿಯಿತು. ಲಿಡೆಲ್ ಅವರನ್ನು ಗದರಿಸಲಿಲ್ಲ. ಮುಂದಿನ ಆದಿತ್ಯವಾರದಲ್ಲಿ ಅವರೇ ಅಂಗಳಕ್ಕೆ ಬಂದು ತೀರ್ಪುಗಾರರಾಗಿ ನಿಂತರು. ತನ್ನ ಸ್ವಂತ ಕೀರ್ತಿಗಾಗಿ ಲೋಕವೆಲ್ಲಾ ಒತ್ತಾಯಮಾಡಿದರೂ ಆದಿತ್ಯವಾರ ಓಡದಿದ್ದ ಮನುಷ್ಯನು, ಸೆರೆಯಲ್ಲಿದ್ದ ಮಕ್ಕಳು ಒಬ್ಬರನ್ನೊಬ್ಬರು ಹೊಡೆಯಬಾರದೆಂದು ಆದಿತ್ಯವಾರ ಸೀಟಿ ಹಿಡಿದನು. ಇದು ಅವರ ನಂಬಿಕೆ ಸಡಿಲವಾದದ್ದರ ಗುರುತೋ? ಹಾಗೆಂದು ನಾವು ಹೇಳಲಾರೆವು. ಸಬ್ಬತ್ತು ಮನುಷ್ಯನಿಗೋಸ್ಕರ ಉಂಟಾಯಿತೆಂದು ಕಲಿಸಿದ ಕರ್ತನ ಮನಸ್ಸನ್ನು ಅವರು ಅರಿತಿದ್ದರು. ಪ್ಯಾರಿಸಿನಲ್ಲಿ ಅವರು ಬಿಟ್ಟುಕೊಟ್ಟದ್ದು ಪದಕದ ಆಶೆಯನ್ನು. ವೈಶೀನಿನಲ್ಲಿ ಬಿಟ್ಟುಕೊಟ್ಟದ್ದು, ಕಟ್ಟುನಿಟ್ಟಿನ ಮನುಷ್ಯನೆಂಬ ತನ್ನ ಹೆಸರನ್ನು. ಎರಡನೆಯದು ಹೆಚ್ಚು ಕಷ್ಟವಾದದ್ದಾಗಿರಬಹುದು. ಅವರು ತಲೆಯಲ್ಲಿ ಹುಟ್ಟಿದ ಗಡ್ಡೆಯಿಂದ 1945ನೆಯ ಫೆಬ್ರವರಿ 21ರಲ್ಲಿ, ಬಿಡುಗಡೆಗೆ ಕೆಲವೇ ತಿಂಗಳುಗಳಿರುವಾಗ, ಆ ಶಿಬಿರದಲ್ಲಿಯೇ ತೀರಿಹೋದರು.

ನಾವು ಕಲಿಯತಕ್ಕ ಸಂಗತಿಗಳು

ಮೊದಲನೆಯದು, ಕಲಿಸುವವನು ತಾನೇ ಶಿಕ್ಷಣಕ್ಕೆ ಒಳಗಾಗಿರಬೇಕು. ಹುಡುಗರಿಗೆ ಬೀಡಿ ಸೇದಬೇಡಿರೆಂದು ಹೇಳಿ ತಾನು ಗರಡಿಯ ಹಿಂದೆ ಸೇದುವ ಉಸ್ತಾದನು ಪಟ್ಟನ್ನು ಕಲಿಸಿಯಾನು, ಸಂಯಮವನ್ನು ಕಲಿಸಲಾರನು. ಸೋತ ಹುಡುಗನನ್ನು ಎಲ್ಲರ ಮುಂದೆ ಬೈಯುವ ಬಾಯಿಂದ ಸಂಜೆಯ ಪ್ರಾರ್ಥನೆಯು ಹೊರಟರೆ, ಹುಡುಗನು ನೆನಪಿನಲ್ಲಿಟ್ಟುಕೊಳ್ಳುವದು ಬೈಗಳನ್ನೇ.

ಎರಡನೆಯದು, ನಿಯಮವು ಯಾರೂ ನೋಡದಾಗಲೂ ನಿಯಮವೇ. ಕಬಡ್ಡಿಯಲ್ಲಿ ನಮ್ಮ ಹುಡುಗನು ಎದುರಾಳಿಗಳ ಕೈಗೆ ಸಿಕ್ಕಿದ್ದಾಗಲೇ ಅವನ ಉಸಿರು ತಪ್ಪಿತು, ಅಂಪೈರನು ಕೇಳಲಿಲ್ಲ, ಗೆರೆಯ ಹೊರಗೆ ನಿಂತಿದ್ದ ಗುರುವು ಮಾತ್ರ ಕೇಳಿದನು. ಪಂದ್ಯವು ಆ ಒಂದು ಅಂಕದ ಮೇಲೆ ನಿಂತಿದೆ. ಹುಡುಗನು ಆಗ ಅಂಪೈರನ ಕಡೆಗೆ ನೋಡುವದಿಲ್ಲ. ಗುರುವಿನ ಮುಖವನ್ನು ನೋಡುತ್ತಾನೆ. ಆ ಮುಖದಲ್ಲಿ ನಗುವನ್ನು ಕಂಡರೆ, ಆದಿತ್ಯವಾರದ ಶಾಲೆಯಲ್ಲಿ ಒಂದು ವರುಷ ಕಲಿತದ್ದು ಅರೆಗಳಿಗೆಯಲ್ಲಿ ಅಳಿದುಹೋಗುತ್ತದೆ. ಗುರುವು ಕೈಯೆತ್ತಿ ನಿಜವನ್ನು ಹೇಳಿದರೆ ಪಂದ್ಯವು ಹೋದೀತು, ಹುಡುಗನು ಉಳಿಯುವನು.

ಮೂರನೆಯದು, ಬಲಹೀನನಿಗೂ ಅಂಗಳದಲ್ಲಿ ಸ್ಥಳವಿರಲಿ. ಚುರುಕಾದ ಏಳು ಮಂದಿಯನ್ನು ಆರಿಸಿಕೊಳ್ಳುವದು ಸುಲಭ. ಬೇರೆ ಕೇರಿಯವನನ್ನೂ, ಅಂಗಿಯಿಲ್ಲದವನನ್ನೂ, ನಿಧಾನವಾಗಿ ಕಲಿಯುವವನನ್ನೂ ಹೆಸರುಹಿಡಿದು ಕರೆಯುವದು ಕ್ರಿಸ್ತನ ರೀತಿ. ಹುಡುಗಿಯರ ಆಟಕ್ಕೂ ಹೊತ್ತನ್ನೂ ಸ್ಥಳವನ್ನೂ ಕೊಡತಕ್ಕದ್ದು.

ನಾಲ್ಕನೆಯದು, ಗೆಲ್ಲುವದಕ್ಕೆ ಪ್ರಯಾಸಪಡುವದು ಪಾಪವಲ್ಲ. ಪೌಲನು ಸಹ ಬಿರುದನ್ನು ಪಡೆಯುವ ಹಾಗೆ ಓಡಿರೆಂದು ಹೇಳುತ್ತಾನೆ. ಸೋಮಾರಿಯಾಗಿ ಆಡಿ ಸೋತು, ಅದನ್ನು ದೀನತೆಯೆಂದು ಕರೆಯಬಾರದು. ಆದರೆ ಆಟವು ಹುಡುಗನಿಗೋಸ್ಕರ ಉಂಟಾದದ್ದು, ಹುಡುಗನು ಆಟಕ್ಕೋಸ್ಕರ ಉಂಟಾದವನಲ್ಲ. ಈ ಕ್ರಮವು ತಲೆಕೆಳಗಾದ ದಿವಸ ಗುರುವು ಗುರುವಾಗಿ ಉಳಿಯುವದಿಲ್ಲ. ಹುಡುಗರ ಬೆನ್ನಿನ ಮೇಲೆ ಕೂತು ತಾನು ಬಹುಮಾನಕ್ಕೆ ಓಡುವವನಾಗುತ್ತಾನೆ.

ನಮ್ಮ ಗ್ರಾಮಗಳಲ್ಲಿ ಆಟ ಕಲಿಸುವವರೆಲ್ಲರೂ ಮಕ್ಕಳ ಆತ್ಮಗಳನ್ನು ಗೆಲುವಿಗಿಂತ ಹೆಚ್ಚಾಗಿ ಎಣಿಸುವಂತೆ ಕರ್ತನು ಅನುಗ್ರಹಿಸಲಿ. ಸಭೆಯವರೂ ಅವರ ಕೆಲಸವನ್ನು ಪ್ರಾರ್ಥನೆಯಲ್ಲಿ ನೆನಸಲಿ.

ಕೂಟದಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು

1. ಇತರರಿಗೆ ಉಪದೇಶಮಾಡಿದವನೇ ಅಯೋಗ್ಯನಾಗುವದು ಹೇಗೆ? ಶಾಲೆಯಿಂದಲೂ ಮನೆಯಿಂದಲೂ ಒಂದೊಂದು ದೃಷ್ಟಾಂತ ಕೊಡಿರಿ.

2. ನೈಸ್ಮಿತರವರ 60 ಸೋಲುಗಳನ್ನೂ ಅವರು ಮಕ್ಲೆಂಡನನಿಗೆ ಮಾಡಿದ ಉಪಕಾರವನ್ನೂ ತಕ್ಕಡಿಯಲ್ಲಿಟ್ಟರೆ ಯಾವದು ತೂಗುವದು?

3. ಲಿಡೆಲರವರು ಪ್ಯಾರಿಸಿನಲ್ಲಿ ಮಾಡಿದ್ದೂ ವೈಶೀನಿನಲ್ಲಿ ಮಾಡಿದ್ದೂ ಒಂದೇ ನಂಬಿಕೆಯಿಂದ ಹುಟ್ಟಿತೋ? ಮಾರ್ಕ 2:23–28ನ್ನು ಮತ್ತೊಮ್ಮೆ ಓದಿ ಉತ್ತರ ಹೇಳಿರಿ.

4. ನಮ್ಮ ಊರಿನ ಆಟದ ಅಂಗಳಕ್ಕೆ ಇದುವರೆಗೆ ಕರೆಯಲ್ಪಡದ ಮಕ್ಕಳು ಯಾರು? ಈ ವಾರದಲ್ಲಿ ಅವರನ್ನು ಕರೆಯುವದಕ್ಕೆ ಯಾರು ಹೋಗುವಿರಿ?